ಇನ್ನೊಬ್ಬರ ಪರೀಕ್ಷೆ ಬರೆಯುವ ಜಯಲತಕ್ಕ

ಮುಂಬೈ ಹೊರವಲಯದ ಡೊಂಬಿವಲಿ ಪೂರ್ವದ ಹಳೆಯ ಕಟ್ಟಡವೊಂದರ ಎರಡನೇ ಮಾಳಿಗೆ. ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಇಡ್ಲಿ ಹಿಟ್ಟು ಅರೆದು ಮುಗಿಸಿ, ಅಡುಗೆ ಕಟ್ಟೆಯ ಮೇಲಿನ ಕೊತ್ತಂಬರಿ ಸೊಪ್ಪನ್ನು ಒಂದು ಬದಿಗೆ ಸರಿಸಿ, ಜಯಲತಕ್ಕ ಹಳೆಯದೊಂದು ಕೀಬೋರ್ಡ್ ಇಟ್ಟುಕೊಂಡಿದ್ದಾರೆ. ಅದರ ವಯರು ಯಾವುದಕ್ಕೂ ಸೇರಿಲ್ಲ. ಈ ಮನೆಯಲ್ಲಿ ಕಂಪ್ಯೂಟರೇ ಇಲ್ಲ. ಅಕ್ಷರದ ಮೇಲೆ ಕಣ್ಣು ಹೋಗಬಾರದೆಂದು ಕೀಬೋರ್ಡಿಗೆ ಕರವಸ್ತ್ರ ಹೊದಿಸಿದ್ದಾರೆ. ಪಕ್ಕದಲ್ಲಿ ಮೊಬೈಲು. ಅದರೊಳಗಿನಿಂದ ಗಂಡಸಿನ ದನಿಯೊಂದು ಇಂಗ್ಲಿಷಿನಲ್ಲಿ ಒಂದು ಪತ್ರವನ್ನು ಹೇಳುತ್ತಾ ಹೋಗುತ್ತದೆ, ಇವರ ಬೆರಳುಗಳು ಬಟ್ಟೆಯ ಅಡಿಯಲ್ಲಿ ಓಡುತ್ತವೆ.

ದನಿ ನಡುವೆ ನಿಲ್ಲುತ್ತದೆ. "ಅಕ್ಕಾ, ಈಗ ಅಳಿಸಿದ್ರಿ ಅಲ್ವಾ?"

"ನಿನಗೆ ಹೇಗೆ ಗೊತ್ತಾಯ್ತು ಮಾರಾಯ?"

"ಆ ಕೀ ಸದ್ದೇ ಬೇರೆ ಇದೆ. ಪರವಾಗಿಲ್ಲ, ಅಳಿಸಿ. ರಬ್ಬರ್ ಏನೂ ಸವೆಯಲ್ಲ."

ಮಾತಾಡುತ್ತಿರುವವರು ಶಹಾಡ್‌ನ ಪುಂಡರೀಕಾಕ್ಷ. ಹುಟ್ಟಿನಿಂದಲೇ ಕಣ್ಣು ಕಾಣದವರು. ಅಜ್ಜ ಮೊಮ್ಮಗನನ್ನು ನೋಡುವ ಮೊದಲೇ ಮೈಸೂರಿನಿಂದ ಈ ಹೆಸರನ್ನು ಕಳಿಸಿಬಿಟ್ಟಿದ್ದರು ಎಂದು ಅವರೇ ಹೇಳಿಕೊಂಡು ನಗುತ್ತಾರೆ. ಬರುವ ಭಾನುವಾರ ಐರೋಲಿಯಲ್ಲಿ ಅವರಿಗೆ ಗುಮಾಸ್ತರ ಕೆಲಸದ ಪರೀಕ್ಷೆ. ವಯಸ್ಸಿನ ಮಿತಿಯೊಳಗೆ ಇದು ಕೊನೆಯದು. ಉತ್ತರ ಅವರು ಹೇಳಬೇಕು, ಕಂಪ್ಯೂಟರಿನಲ್ಲಿ ಜಯಲತಕ್ಕ ಟೈಪ್ ಮಾಡಬೇಕು.

ಕಣ್ಣಿಲ್ಲದವರ ಪರವಾಗಿ ಪರೀಕ್ಷೆ ಬರೆಯುವವರನ್ನು ಇಲ್ಲಿ ರೈಟರ್ ಎನ್ನುತ್ತಾರೆ. ಜಯಲತಕ್ಕ ಆ ಕೆಲಸಕ್ಕೆ ಸೇರಿ ಹತ್ತು ವರ್ಷದ ಮೇಲಾಯಿತು. ಸೇರಿದ್ದೂ ಆಕಸ್ಮಿಕವೇ. ಕೆಳಗಿನ ಮನೆಯ ಸ್ವರ್ಣಲತಾ ಎಂಬ ಹುಡುಗಿಗೆ ದೃಷ್ಟಿ ಇರಲಿಲ್ಲ, ಬಿ.ಎ. ಪರೀಕ್ಷೆಯ ದಿನ ಅವಳ ರೈಟರ್‌ಗೆ ಜ್ವರ ಬಂತು. ಬರೆಯುವವರು ಪರೀಕ್ಷೆಗೆ ಕೂತವರಿಗಿಂತ ಕಡಿಮೆ ಓದಿರಬೇಕು ಎನ್ನುತ್ತಿತ್ತು ಆ ಕಾಲೇಜಿನ ನಿಯಮ. ಕಟ್ಟಡದ ತುಂಬ ಪದವೀಧರರು. ಹತ್ತನೇ ತರಗತಿಗೆ ನಿಂತವರು ಜಯಲತಕ್ಕ ಒಬ್ಬರೇ. "ನಾನು ಕಲಿಯದೇ ಇದ್ದದ್ದು ಅವತ್ತು ಒಬ್ಬಳಿಗೆ ಉಪಯೋಗಕ್ಕೆ ಬಂತು ನೋಡಿ," ಎನ್ನುತ್ತಾರೆ. ಒಲೆ ಆರಿಸಿ, ಸೀರೆ ಬದಲಿಸಿ, ಕಲ್ಯಾಣದ ಗಾಡಿ ಹತ್ತಿದ್ದರಂತೆ.

ಇವರು ಹುಟ್ಟಿ ಬೆಳೆದದ್ದು ಠಾಣೆ ನಗರದ ಪಕ್ಕದ ಕಳವಾ ಎಂಬಲ್ಲಿ. ತಂದೆ ಕಾರ್ಕಳ ಕಡೆಯವರು, ಹೋಟೆಲಿನಲ್ಲಿ ಅಡುಗೆಯವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಮರಾಠಿ, ಕನ್ನಡ ಹೋಟೆಲಿನ ಹಿಂಬಾಗಿಲಲ್ಲಿ ಕೇಳಿ ಕಲಿತದ್ದು. ಅಕ್ಷರ ಮಾತ್ರ ಮೊದಲಿನಿಂದಲೂ ದುಂಡಗೆ. ಇಂಗ್ಲಿಷ್ ಬರುತ್ತದೆ ಎಂದು ಇವತ್ತಿಗೂ ಹೇಳಿಕೊಳ್ಳುವುದಿಲ್ಲ. ಯಾರಾದರೂ ಹೇಳಿದರೆ ಬರೆಯಲು ಬರುತ್ತದೆ ಎನ್ನುತ್ತಾರೆ. ಇದಕ್ಕಾಗಿ ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಮನೆ ನಡೆಯುವುದು ಇವರು ಮಾರುವ ಇಡ್ಲಿ ಹಿಟ್ಟಿನಿಂದ, ಠಾಣೆಯ ಕಾರ್ಖಾನೆಗಳ ಬಡಾವಣೆ ವಾಗ್ಳೆ ಎಸ್ಟೇಟ್‌ನ ಕ್ಯಾಂಟೀನಿನಲ್ಲಿರುವ ಗಂಡ ಚೆನ್ನಯ ಅವರ ದುಡಿಮೆಯಿಂದ.

ಈ ಕೆಲಸದಲ್ಲಿ ಕಷ್ಟವಾದದ್ದು ಬರವಣಿಗೆಯಲ್ಲ. ಎದುರಿನವರು ತಪ್ಪು ಉತ್ತರ ಹೇಳುತ್ತಾರೆ, ಇವರಿಗೆ ಗೊತ್ತಾಗುತ್ತದೆ, ಆದರೂ ಕೈ ಅದನ್ನೇ ಬರೆಯಬೇಕು. ಹೂಂ ಎನ್ನುವಂತಿಲ್ಲ, ಹುಬ್ಬು ಏರಿಸಿದರೆ ಅದು ಕಾಣುವವರೂ ಇಲ್ಲ. "ಮೊದಮೊದಲು ನಾಲಿಗೆ ಕಚ್ಚಿ ಹಿಡಿದುಕೊಳ್ತಿದ್ದೆ. ಈಗ ಅಭ್ಯಾಸ ಆಗಿದೆ. ಅದು ಅವರ ಪೇಪರು, ನನ್ನದಲ್ಲ."

ಪುಂಡರೀಕಾಕ್ಷ ಇವರಲ್ಲಿಗೆ ಬಂದದ್ದು ಬೂತು ಮುಚ್ಚುವ ಹೊತ್ತಿಗೆ. ಶಹಾಡ್ ಸ್ಟೇಶನ್ನಿನ ಹೊರಗೆ ಅವರ ಹಳದಿ ಬಣ್ಣದ ಟೆಲಿಫೋನ್ ಬೂತು ಇತ್ತು. ಪಾಳಿ ಬಿಟ್ಟ ಕಾರ್ಖಾನೆಯವರು ಊರಿಗೆ ಮಾತಾಡಲು ಸಾಲು ಹಚ್ಚುತ್ತಿದ್ದದ್ದು ಆ ಕಾಲದವರಿಗೆಲ್ಲ ನೆನಪಿದೆ. ಆಮೇಲೆ ಎಲ್ಲರ ಜೇಬಿಗೂ ಮೊಬೈಲು ಬಂತು. ಸಾಲು ಕರಗಿತು. ಬೂತಿನಲ್ಲಿ ರೀಚಾರ್ಜ್ ಚೀಟಿ ಮಾರಿದರು, ಬೀಗ ಮಾರಿದರು, ಕೊನೆಗೆ ಬೂತಿಗೇ ಬೀಗ ಹಾಕಿದರು. ಪದವಿ ಇತ್ತು. ಸರಕಾರಿ ಪರೀಕ್ಷೆಗಳಿಗೆ ಕೂರಲು ಶುರು ಮಾಡಿದರು. ಆಗ ಉತ್ತರ ಪತ್ರಿಕೆ ಕಾಗದದ್ದೇ.

ಇಬ್ಬರಿಗೂ ಒಂದು ಲಯ ಕೂಡಿತ್ತು. ಪೆನ್ನು ಕಾಗದದ ಮೇಲೆ ಗೀರುವ ಸದ್ದು ಕೇಳುತ್ತಲೇ ಪುಂಡರೀಕಾಕ್ಷ ಮಾತಾಡುತ್ತಿದ್ದರು. ಸದ್ದು ನಿಂತಿತೆಂದರೆ ಮುಂದಿನ ವಾಕ್ಯ. ಅವರು ಮಾತು ಹುಡುಕುತ್ತಾ ತಡೆದರೆ ಜಯಲತಕ್ಕನ ಪೆನ್ನು ಕಾಗದದಿಂದ ಒಂದಿಷ್ಟು ಮೇಲೆ ನಿಂತು ಕಾಯುತ್ತಿತ್ತು.

2012ರಲ್ಲಿ ಗುಮಾಸ್ತರ ಪರೀಕ್ಷೆ ಕಂಪ್ಯೂಟರಿಗೆ ಹೋಯಿತು. ಗುರುತು ಹಾಕುವ ಪ್ರಶ್ನೆಗಳು ಹೇಗೋ ದಾಟಿದವು. ಓದಿ ಹೇಳುವುದು, ಅವರು ಹೇಳಿದ ಉತ್ತರವನ್ನು ಮೌಸಿನಲ್ಲಿ ಒತ್ತುವುದು, ಅಷ್ಟೇ. ಕೊನೆಯಲ್ಲಿ ಪತ್ರ ಬರೆಯುವ ಪ್ರಶ್ನೆ ಬಂತು. ತೆರೆಯ ಮೇಲೆ ಗೆರೆಯೊಂದು ಮಿಣುಕುತ್ತಾ ಕೂತಿತ್ತು. "ಬೇಗ ಬೇಗ ಅಂತ ಅವಸರ ಮಾಡಿದ ಹಾಗೆ ಕಾಣ್ತಿತ್ತು ನನಗೆ. ಎ ಎಲ್ಲಿ, ಎಸ್ ಎಲ್ಲಿ ಅಂತ ಒಂದೇ ಬೆರಳಲ್ಲಿ ಹುಡುಕಿದೆ. ಅವನು ಒಂದು ವಾಕ್ಯ ಹೇಳಿ ಕಾದ, ಇನ್ನೊಂದು ಹೇಳಿ ಕಾದ. ಆಮೇಲೆ, ಸಾಕು ಅಕ್ಕ, ಇಷ್ಟೇ ಇತ್ತು ಹೇಳೋಕೆ, ಅಂದ."

ಇಷ್ಟೇ ಇರಲಿಲ್ಲ. ಹಿಂದಿನ ದಿನ ಅಂಥದೇ ಪತ್ರವನ್ನು ಅವರು ಹೇಳಿದ್ದರು, ಇವರು ಕೈಯಲ್ಲಿ ಬರೆದಿದ್ದರು, ಅದು ಪುಟ ತುಂಬಿ ಹಿಂಬದಿಗೂ ದಾಟಿತ್ತು. ಐರೋಲಿಯ ಪ್ಲಾಟ್‌ಫಾರ್ಮಿನಲ್ಲಿ ಪರೀಕ್ಷೆ ಮುಗಿಸಿ ಠಾಣೆಯ ಗಾಡಿಗೆ ಕಾಯುವಾಗ ಜಯಲತಕ್ಕನಿಗೆ ಹೊಳೆಯಿತು: ತನ್ನ ಬೆರಳಿಗೆ ನಾಚಿಕೆ ಆಗಬಾರದೆಂದು ಆತ ತನ್ನ ಉತ್ತರವನ್ನೇ ಕತ್ತರಿಸಿ ಹೇಳಿದ್ದ. ಫಲಿತಾಂಶ ಬಂದಾಗ ಅವರು ಸೋತದ್ದು ಆ ಪತ್ರದಲ್ಲೇ.

ಬೇರೆ ಯಾರನ್ನಾದರೂ ನೋಡಿಕೋ ಎಂದು ಹೇಳಿದವರು ಜಯಲತಕ್ಕನೇ. ಪೂಜಿತಾ ಎಂಬ ಕಾಲೇಜು ಹುಡುಗಿಯನ್ನು ಗೊತ್ತು ಮಾಡಿಯೂ ಕೊಟ್ಟರು. ಬಹಳ ಒಳ್ಳೆಯ ಹುಡುಗಿ, ಬೆರಳು ಮಿಂಚಿನಂತೆ. ಒಂದು ವಾರ ಅಭ್ಯಾಸ ಮಾಡಿ ಪುಂಡರೀಕಾಕ್ಷ ತಿರುಗಿ ಇಲ್ಲಿಗೇ ಬಂದರು. ಯಾಕೆಂದು ಕೇಳಿದರೆ ಹೇಳುತ್ತಾರೆ: "ನಾನು ಒಂದು ಮಾತಿಗೆ ತಡವರಿಸಿದ್ರೆ ಆ ಹುಡುಗಿ ಪಾಪ, ಸಹಾಯ ಅಂತ ತಾನೇ ಮುಗಿಸಿಬಿಡ್ತಾಳೆ. ಓದಿಸಿ ಕೇಳಿದ್ರೆ ಇಂಗ್ಲಿಷ್ ಚೆನ್ನಾಗಿದೆ, ಆದ್ರೆ ನಂದಲ್ಲ. ಅಕ್ಕ ಕಾಯ್ತಾರೆ. ನಂಗೆ ಕಾಯೋರು ಬೇಕು."

ಹಾಗಾದರೆ ಕಲಿಯುವುದೇ ಸೈ ಎಂದು ಜಯಲತಕ್ಕ ಫಡಕೆ ರೋಡಿನ ಹಿಂದಿನ ಟೈಪಿಂಗ್ ಕ್ಲಾಸಿಗೆ ಹೋದರು. ಮಗಳನ್ನು ಸೇರಿಸಲು ಬಂದಿರಾ ಎಂದು ಸರ್ ಮರಾಠಿಯಲ್ಲಿ ಕೇಳಿದರಂತೆ. ನನ್ನನ್ನೇ ಸೇರಿಸಿಕೊಳ್ಳಿ ಎಂದರು ಇವರು. ಸುತ್ತ ಕೂತ ಮಕ್ಕಳು ಆಂಟಿ ಆಂಟಿ ಎಂದು ಮುಸಿಮುಸಿ ನಕ್ಕರು, ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಮಕ್ಕಳು ಇವರಿಗೆ ಕುರ್ಚಿ ಹಿಡಿದಿಡುತ್ತಿದ್ದರು. ವರ್ಷಗಟ್ಟಲೆ ಹಿಟ್ಟು ಕಲಸಿದ ಕೈ. ಕಿರುಬೆರಳು ಕೇಳುತ್ತಿರಲಿಲ್ಲ. ಅದೊಂದಕ್ಕೇ ಬಹಳ ದಿನ ಬೇಕಾಯಿತು.

ಮನೆಯಲ್ಲಿ ಚೆನ್ನಯ ಅವರು ರೇಗಿಸಿದರು. "ಈ ಪ್ರಾಯದಲ್ಲಿ ಇನ್ನು ಕಲೆಕ್ಟರ್ ಆಫೀಸಿಗೆ ಸೇರ್ಲಿಕ್ಕುಂಟಾ?"

"ಸೇರಿದ್ರೆ ನಿಮ್ಮ ಡಬ್ಬಿ ಯಾರು ಕಟ್ಟುದು?"

ಹಾಗೆ ರೇಗಿಸಿದವರೇ ವಾಗ್ಳೆ ಎಸ್ಟೇಟ್‌ನಲ್ಲಿ ಯಾವುದೋ ಕಂಪನಿ ಹೊರಗೆ ಹಾಕಿದ ಈ ಕೀಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಮಗಳು ದಿಶಾಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಮಮ್ಮಿ, ನೀಚೇ ಮತ್ ದೇಖೋ," ಕೆಳಗೆ ನೋಡಬೇಡ ಎಂದು ಮೊದಲು ಕರವಸ್ತ್ರ ಹೊದಿಸಿದ್ದು ಅವಳೇ.

ಕೈಬರಹ ಮೇಲೋ ಟೈಪಿಂಗ್ ಮೇಲೋ ಎಂದು ಕೇಳಿದರೆ ಜಯಲತಕ್ಕ ಸುಮ್ಮನೆ ಒಂದು ಕಡೆಗೆ ವಾಲುವುದಿಲ್ಲ. ಪೆನ್ನಿನಲ್ಲಿ ಬರೆದ ಪುಟ ನೋಡಿದರೆ ತನಗೆ ಈಗಲೂ ಸಂತೋಷ ಎನ್ನುತ್ತಾರೆ. ಆದರೆ ಪೆನ್ನಿನ ಕಾಲದಲ್ಲಿ ಪುಂಡರೀಕಾಕ್ಷ ಒಮ್ಮೆ ಹೇಳಿದ್ದನ್ನು ಬದಲಿಸುತ್ತಿರಲಿಲ್ಲ. ಹೊಡೆದು ಹಾಕಿದರೆ ಅಕ್ಕನ ಪುಟ ಕೆಡುತ್ತದೆ ಎಂಬ ಸಂಕೋಚ. ಈಗ ನಡುವೆ ಒಂದು ವಾಕ್ಯ ಸೇರಿಸಿ ಎನ್ನುತ್ತಾರೆ, ಮೇಲಿನದನ್ನು ಕೆಳಗೆ ತನ್ನಿ ಎನ್ನುತ್ತಾರೆ. "ಅವನಿಗೆ ಇಷ್ಟು ಯೋಚನೆ ಉಂಟು ಅಂತ ನನಗೆ ಗೊತ್ತೇ ಇರ್ಲಿಲ್ಲ. ಇಷ್ಟು ವರ್ಷ ನನ್ನ ಅಕ್ಷರದ ಮರ್ಯಾದೆಗೆ ಬಾಯಿ ಮುಚ್ಚಿಕೊಂಡಿದ್ದ."

ಅಂದ ಮೇಲೆ ಭಾನುವಾರಕ್ಕೆ ಅವರಿಗೆ ಇರುವ ಹಟ ಒಂದೇ. ಕೆಲಸ ಸಿಗುವುದು ಅವನ ಯೋಗ. ತನ್ನ ಕೈಯಿಂದಾಗಿ ಅವನ ಉತ್ತರ ಮತ್ತೊಮ್ಮೆ ಗಿಡ್ಡವಾಗಬಾರದು.

ಭಾನುವಾರ ಐರೋಲಿಯ ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ತಂದೆತಾಯಿಗಳ ದೊಡ್ಡ ಗುಂಪು. ಬೆಳಿಗ್ಗೆ ಒಳಗೆ ಹೋಗುವಾಗ ಜಯಲತಕ್ಕ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದರು. ಒಳಗೆ ಎ.ಸಿ. ಇರುತ್ತದೆ, ಬೆರಳು ಮರಗಟ್ಟಿದರೆ ಕಷ್ಟ ಎಂದು. ಅವರ ಮೊಣಕೈ ಹಿಡಿದು ಪುಂಡರೀಕಾಕ್ಷ ಇಸ್ತ್ರಿ ಮಾಡಿದ ಅಂಗಿಯಲ್ಲಿ ನಡೆದರು. ಬಿಸಿಲು ನೆತ್ತಿಗೆ ಬಂದ ಮೇಲೆ ಇಬ್ಬರೂ ಹೊರಬಂದರು. ಉತ್ತರ ಹೇಳಿ ಹೇಳಿ ಪುಂಡರೀಕಾಕ್ಷ ಅವರ ಗಂಟಲು ಕಟ್ಟಿಹೋಗಿತ್ತು, ಕಬ್ಬಿನ ಹಾಲಿನ ಗಾಡಿ ಎಲ್ಲಿದೆ ಎಂದು ಅವರು ಕೇಳಿದ ದನಿ ಪಿಸುಮಾತಿನಷ್ಟೇ ಇತ್ತು.

ಪತ್ರದಲ್ಲಿ ಏನು ಹೇಳಿದರು ಎಂದು ಜಯಲತಕ್ಕನನ್ನು ಕೇಳಿದರೆ ತಲೆಯಾಡಿಸಿಬಿಟ್ಟರು. ಬೇಕಾದರೆ ಅವನನ್ನೇ ಕೇಳಿ ಎಂದರು. ಫಲಿತಾಂಶಕ್ಕೆ ಇನ್ನೂ ತಿಂಗಳುಗಳಿವೆ. ಒಂದು ಲೋಟ ಕಬ್ಬಿನ ಹಾಲನ್ನು ಪುಂಡರೀಕಾಕ್ಷ ಅವರ ಕೈಗೆ ಹಿಡಿಸಿ, ತಮ್ಮ ಲೋಟವನ್ನು ಎರಡೂ ಅಂಗೈ ನಡುವೆ ಇಟ್ಟುಕೊಂಡು ಹೇಳಿದರು.

"ಅವನು ಹೇಳ್ತಾ ಇದ್ದ ಹಾಗೇ ಕಂಪ್ಯೂಟರ್ ಮುಚ್ಚಿಕೊಂಡಿತು. ಇನ್ನೂ ಹೇಳ್ಲಿಕ್ಕಿತ್ತು ಅವನಿಗೆ. ಈ ಸಲ ಸಾಲದೆ ಹೋದದ್ದು ಟೈಮು. ನನ್ನ ಬೆರಳಲ್ಲ."