ಹಾರಿಸದ ಪಿಸ್ತೂಲಿನ ಬೆಲೆ

“ಒಂದೇ ಒಂದ್ ಸಲ ಹಾರಿಸಿದ್ರೆ ರೇಟು ಕಮ್ಮಿ ಆಗ್ಬಿಡತ್ತಾ ಅಕ್ಕ?”

ಆಸ್ಟ್ರೇಲಿಯಾದ ಪರ್ತ್ ನಗರದ ಪಿಯಾರಾ ವಾಟರ್ಸ್‌ನ ಒಂದು ಮನೆಯ ಹಿತ್ತಲಲ್ಲಿ, ಬಾರ್ಬೆಕ್ಯೂ ಒಲೆಯ ಮೇಲೆ ಜೋಳ ಸುಡುತ್ತಾ ನಿಂತಿದ್ದ ಮನೆಯೊಡೆಯ ತನ್ನ ಬಳಿಯಿದ್ದ ಪಿಸ್ತೂಲಿನ ವಿಷಯ ತೆಗೆದು ನನ್ನನ್ನು ಹೀಗೆ ಕೇಳಿದ. ಸುತ್ತ ಇದ್ದವರು ನಕ್ಕರು. ಪರ್ತಿನಲ್ಲಿ ನಮ್ಮವರು ನಾಲ್ಕು ಜನ ಕಲೆತರೆ ಮನೆಯ ರೇಟು, ಕಾರಿನ ರೇಟು, ಕಬ್ಬಿಣದ ಅದಿರಿನ ರೇಟು, ಇವೇ ಮಾತು. ಪಿಸ್ತೂಲಿನ ರೇಟು ಅವರಿಗೆ ಹೊಸ ತಮಾಷೆಯಾಗಿ ಕಂಡಿತು. ಅವನ ಹೆಂಡತಿ ಮಾತ್ರ ಚಟ್ನಿಯ ಬಟ್ಟಲನ್ನು ಮೇಜಿನ ಮೇಲಿಟ್ಟು ಒಳಗೆ ಹೋಗಿಬಿಟ್ಟಳು. ಅವಳು ಹೋದ ರೀತಿ ನನಗೆ ಸರಿಕಾಣಲಿಲ್ಲ.

ನನ್ನನ್ನೇ ಕೇಳಿದ್ದಕ್ಕೆ ಕಾರಣವಿತ್ತು. ಈ ದೇಶಕ್ಕೆ ಬಂದ ಹೊಸತರಲ್ಲಿ ನಾನು ಅಡಿಲೇಡಿನ ಒಂದು ಹರಾಜು ಕಂಪನಿಯಲ್ಲಿ ಹಳೆಯ ಸಾಮಾನುಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿ, ಅಲ್ಲೇ ಬೆಲೆ ಕಟ್ಟುವುದನ್ನೂ ಕಲಿತೆ. ಗಂಡನ ಕೆಲಸದ ಬೆನ್ನು ಹಿಡಿದು ಬ್ರಿಸ್ಬೇನಿಗೆ, ಅಲ್ಲಿಂದ ಪರ್ತಿಗೆ ಬಂದಾಗಲೂ ಅದೇ ಕಸುಬನ್ನು ಮುಂದುವರಿಸಿದೆ. ಕತ್ತಿ, ಪಿಸ್ತೂಲು, ಯುದ್ಧದ ಪದಕ ನನ್ನ ಪಾಲಿಗೆ ಬಂದ ವಿಭಾಗ. ಹಣೆಗೆ ಬೊಟ್ಟಿಟ್ಟ ಹೆಂಗಸೊಬ್ಬಳು ಬಂದೂಕಿನ ನಳಿಗೆಗೆ ಟಾರ್ಚು ಬಿಟ್ಟು ನೋಡುವುದನ್ನು ಕಂಡು ಬಿಳಿಯ ಮುದುಕರು ಬೆರಗಾಗುತ್ತಿದ್ದರು. ನಮ್ಮವರಿಗೆ ಬೆರಗೂ ಇಲ್ಲ, ಗಿರಗೂ ಇಲ್ಲ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಪೈಕಿ. ಅಜ್ಜಿಯ ಕಾಸಿನ ಸರದಿಂದ ಹಿಡಿದು ಕೆಟ್ಟು ನಿಂತ ಗಡಿಯಾರದವರೆಗೆ ಎಲ್ಲಕ್ಕೂ ನನ್ನ ಬಾಯಿಂದಲೇ ಬೆಲೆ ಹೇಳಿಸುತ್ತಿದ್ದರು.

ಅಂದು ಅವನಿಗೆ ನಾನು ಹೇಳಿದ್ದು ನಿಜವನ್ನೇ. ಹಳೆಯ ಮಾದರಿಯನ್ನು ನೋಡಿಕೊಂಡು ಈಚೆಗೆ ಮಾಡಿದ ಪಿಸ್ತೂಲಿಗೆ ವಯಸ್ಸಿನ ಬೆಲೆ ಸಿಗುವುದಿಲ್ಲ. ಸಂಗ್ರಹ ಮಾಡುವವರು ಅದಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ, ಅದನ್ನು ಒಮ್ಮೆಯೂ ಹಾರಿಸಿಲ್ಲ ಎಂಬ ಕಾರಣಕ್ಕೆ ಕೊಡುತ್ತಾರೆ. ಒಮ್ಮೆ ಮದ್ದು ಸುಟ್ಟರೆ, ಎಷ್ಟು ಒರೆಸಿದರೂ ಕಣ್ಣಿದ್ದವರಿಗೆ ತಿಳಿಯುತ್ತದೆ. ಅವನು ಜೋಳ ತಿರುಗಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡ. ಹಾಗಾದರೆ ಹಾರಿಸುವವನು ದುಡ್ಡಿನ ಆಸೆ ಬಿಟ್ಟೇ ಹಾರಿಸಬೇಕು ಎಂದ. ಎಲ್ಲರೂ ಮತ್ತೆ ನಕ್ಕರು.

ಗಣಿಗಳಲ್ಲಿ ಕೆಲಸ ಕುಸಿದ ವರ್ಷ ಅದು. ಅವನು ಜಿಯಾಲಜಿಸ್ಟ್. ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ ಇರುತ್ತಿದ್ದವನು ಕೆಲಸ ಹೋದ ಮೇಲೆ ಮೂರು ಹೊತ್ತೂ ಮನೆಯಲ್ಲೇ ಇದ್ದ. ಅವನ ಹೆಂಡತಿ ಮೋರ್ಲಿಯ ದೊಡ್ಡ ಶಾಪಿಂಗ್ ಸೆಂಟರಿನ ಬಟ್ಟೆ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದಳು, ನನ್ನ ಆಫೀಸು ಅಲ್ಲಿಗೆ ಹತ್ತಿರ. ಆ ವಾರವೇ ಊಟದ ಬಿಡುವಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದಳು. ಕಾರು ಎಷ್ಟು ಓಡಿದೆ ಎಂದು ಅವನು ದಿನಾ ನೋಡುತ್ತಾನೆ, ಫೋನು ಕಸಿದುಕೊಂಡು ಓದುತ್ತಾನೆ, ಹೋದ ತಿಂಗಳು ಕುತ್ತಿಗೆಗೆ ಕೈ ಹಾಕಿದ್ದ ಎಂದು ಒಂದೊಂದಾಗಿ ಹೇಳಿದಳು. ಪಿಸ್ತೂಲು ಮೊದಲು ನಡುಮನೆಯ ಶೋಕೇಸಿನಲ್ಲಿ ಇರುತ್ತಿತ್ತಂತೆ. ಈಗ ಮಂಚದಲ್ಲಿ ಅವನು ಮಲಗುವ ಬದಿಗೆ ಬಂದಿತ್ತು.

“ಪಿಸ್ತೂಲು ನೋಡಕ್ಕೆ ನಿಮ್ಮನ್ನ ಕರೀತಾನೆ, ಬಂದಾಗ ಜಾಸ್ತಿ ಬೆಲೆ ಹೇಳಿ ಅಕ್ಕ,” ಎಂದಳು. “ದುಡ್ಡು ಬರತ್ತೆ ಅಂದ್ರೆ ಮಾರ್ತಾನೆ. ಮನೆಯಿಂದ ಆಚೆ ಹೋದ್ರೆ ಸಾಕು.”

ಪೊಲೀಸರಿಗೆ ಹೇಳೋಣ ಎಂದೆ. ಮದ್ದು ತುಂಬಿ ಹಾರಿಸಬಹುದಾದ ಪಿಸ್ತೂಲು ಹಳೆಯ ಮಾದರಿಯದೇ ಇರಲಿ, ಎಷ್ಟೇ ಅಲಂಕಾರದ್ದಿರಲಿ, ಇಲ್ಲಿ ಲೈಸೆನ್ಸ್ ಬೇಕೇ ಬೇಕು. ಅವನ ಬಳಿ ಇರಲಿಲ್ಲ. ಅವಳು ಬೇಡವೆಂದು ನನ್ನ ಕೈ ಹಿಡಿದುಕೊಂಡಳು. ಅವಳ ವೀಸಾ ಇನ್ನೂ ಅವನ ಹೆಂಡತಿ ಎಂಬ ಆಧಾರದ ಮೇಲೆಯೇ ನಿಂತಿತ್ತು, ದೂರು ಕೊಟ್ಟರೆ ದೇಶ ಬಿಡಬೇಕಾದೀತೆಂಬ ಭಯ. ಎಲ್ಲರೂ ಅಂಕಲ್ ಎಂದು ಕರೆಯುವ ಇಲ್ಲಿನ ಹಿರಿಯರೊಬ್ಬರಿಗೆ ಮೊದಲೇ ಹೇಳಿಕೊಂಡಿದ್ದಳಂತೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಹೇಳಿ ಅವರು ಕಳಿಸಿಕೊಟ್ಟಿದ್ದರು. ನನಗೆ ಮೈಯೆಲ್ಲ ಉರಿಯಿತು. ಆ ಗಾದೆ ಕಟ್ಟಿದವನ ಹೆಂಡತಿಯನ್ನು ಯಾರೂ ಒಂದು ಮಾತು ಕೇಳಿರಲಾರರು.

ಆಯುಧಪೂಜೆಯ ದಿನ ಮಧ್ಯಾಹ್ನ ಅವನೇ ಕರೆದ. ಹೋದೆ. ನಡುಮನೆಯಲ್ಲಿ ಕೆಂಪು ಬಟ್ಟೆ ಹಾಸಿ ಬಂಡೆ ಒಡೆಯುವ ಸುತ್ತಿಗೆ, ಲ್ಯಾಪ್‌ಟಾಪು, ಕಾರಿನ ಕೀ ಇಟ್ಟಿದ್ದ, ನಡುವೆ ಪಿಸ್ತೂಲು. ಎಲ್ಲಕ್ಕೂ ಗಂಧ, ಅರಿಶಿನ, ಕುಂಕುಮ. ಹಿಂದಿನ ವರ್ಷಗಳ ಒದ್ದೆ ಕುಂಕುಮ ಕೂತ ಕಡೆಯೆಲ್ಲ ಉಕ್ಕಿಗೆ ಕಲೆ ಬಿದ್ದಿತ್ತು. ಪೂಜೆ ಮಾಡಿ ಬೆಲೆ ಕಳೆಯುವ ಕೆಲಸ ನಮ್ಮವರಿಂದ ಮಾತ್ರ ಸಾಧ್ಯ, ಬೇರೆ ಮನೆಯಾಗಿದ್ದರೆ ಬೈದೇ ಬಿಡುತ್ತಿದ್ದೆ. ಅಂದು ಬಾಯಿ ಬಿಗಿಹಿಡಿದೆ. ನಳಿಗೆಯ ಅಡಿಯಲ್ಲಿ ಇಟಲಿಯ ಮುದ್ರೆಯಿತ್ತು. ಮಾಡಿ ಮೂವತ್ತು ವರ್ಷವೂ ಆಗಿರಲಿಕ್ಕಿಲ್ಲ, ಎಲ್ಲೆಂದರಲ್ಲಿ ಸಿಗುವಂಥ ಮಾಲು. ಅಪರೂಪದ್ದು ಎಂದೆ. ಸುಳ್ಳು ಹೇಳಬೇಕಾದಾಗ ನಾನು ಚೆನ್ನಾಗಿಯೇ ಹೇಳುತ್ತೇನೆ. ಬ್ರಿಸ್ಬೇನಿನಲ್ಲಿ ಇಂಥದ್ದಕ್ಕೆ ಬಾಯಿ ಬಿಡುವ ಗಿರಾಕಿಗಳಿದ್ದಾರೆ, ಲೈಸೆನ್ಸ್ ಇರುವ ವ್ಯಾಪಾರಿಯೊಬ್ಬರ ಕೈಗೆ ಇವತ್ತೇ ಒಪ್ಪಿಸೋಣ, ಕಾಗದಪತ್ರದ ಉಪದ್ರವವನ್ನು ಅವರೇ ನೋಡಿಕೊಳ್ಳುತ್ತಾರೆ ಎಂದೆ.

ಅವನು ಒಪ್ಪಲಿಲ್ಲ. ಅಷ್ಟು ಬೆಲೆ ಬಾಳುವುದನ್ನು ಈಗಲೇ ಏಕೆ ಮಾರಬೇಕು, ಇಟ್ಟುಕೊಂಡರೆ ಇನ್ನೂ ಏರುತ್ತದೆ ಎಂದ. ಹೆಚ್ಚು ಹೇಳಿದರೂ ಇವನು ಮಾರುವವನಲ್ಲ, ಕಮ್ಮಿ ಹೇಳಿದ್ದರೂ ಮಾರುತ್ತಿರಲಿಲ್ಲ ಎಂದು ನನಗೆ ಆಗ ಅರ್ಥವಾಯಿತು.

ಏನು ಮಾಡುವುದೆಂದು ತೋಚದೆ ಕೈ ತನ್ನ ರೂಢಿಯ ಕೆಲಸಕ್ಕೆ ಇಳಿಯಿತು. ನಳಿಗೆಯ ಬಾಯಿಂದಲೇ ಮದ್ದು ತುಂಬುವ ಇಂಥ ಪಿಸ್ತೂಲಿನೊಳಗೆ, ಮದ್ದು ದೂಡುವ ಅದರ ಕಡ್ಡಿಯನ್ನು ಇಳಿಸಿ, ಬಾಯಿಯ ಮಟ್ಟಕ್ಕೆ ಬೆರಳಿಟ್ಟು ಹಿಡಿದು, ಅದೇ ಕಡ್ಡಿಯನ್ನು ಹೊರಗಿನಿಂದ ನಳಿಗೆಯ ಪಕ್ಕಕ್ಕೆ ಹಿಡಿದು ನೋಡುವುದು ಎಲ್ಲಕ್ಕಿಂತ ಮೊದಲು ಮಾಡಬೇಕಾದ ಪರೀಕ್ಷೆ. ಸುಳ್ಳು ಪೋಣಿಸುವ ಗಡಿಬಿಡಿಯಲ್ಲಿ ಕೊನೆಗೆ ಮಾಡಿದೆ. ಖಾಲಿಯಿದ್ದರೆ ಕಡ್ಡಿ ತಳ ಮುಟ್ಟುತ್ತದೆ. ಅಂದು ಎರಡು ಬೆರಳಿನಷ್ಟು ಮೇಲೆಯೇ ನಿಂತುಬಿಟ್ಟಿತು.

ತುಂಬಿದೆ ಎಂದೆ.

“ಗೊತ್ತು,” ಎಂದ ಅವನು. “ಪೂಜೆಗಿಡೋ ಆಯುಧ ಖಾಲಿ ಇರಬಾರ್ದು ಅಕ್ಕ.”

ಅಡುಗೆಮನೆಯ ಬಾಗಿಲಲ್ಲಿ ಅವಳು ಕೋಸಂಬರಿಯ ತಟ್ಟೆ ಹಿಡಿದು ನಿಂತಿದ್ದಳು. ಅವನು ನನ್ನ ಕಡೆ ನೋಡುತ್ತಿರಲಿಲ್ಲ, ಅವಳ ಕಡೆ ನೋಡಿ ನಗುತ್ತಿದ್ದ. ಅಷ್ಟು ಶಾಂತವಾದ ನಗುವನ್ನು ನಾನು ಅವನ ಮುಖದಲ್ಲಿ ಹಿಂದೆ ಕಂಡಿರಲಿಲ್ಲ.

ಮುದ್ರೆಯನ್ನು ಬಿಸಿಲಿನಲ್ಲಿ ಓದಬೇಕು ಎಂದು ಎದ್ದೆ. ನಳಿಗೆಯನ್ನು ನೆಲಕ್ಕೆ ತಿರುಗಿಸಿಕೊಂಡು, ಕಾರಿನಲ್ಲಿ ನನ್ನ ಭೂತಗನ್ನಡಿ ಇದೆ, ತೆಗೆದುಕೊಡು ಬಾ ಎಂದು ಅವಳನ್ನೂ ಕರೆದೆ. ಅವಳು ಚಪ್ಪಲಿ ಹಾಕಿಕೊಳ್ಳದೆ ಹಿಂದೆಯೇ ಬಂದಳು. ಪಿಸ್ತೂಲನ್ನು ಡಿಕ್ಕಿಯಲ್ಲಿಟ್ಟು ಬೀಗ ಹಾಕಿ, ಅವಳ ತೋಳು ಹಿಡಿದು ರಸ್ತೆಯ ಆಚೆಗೆ ಕರೆದೊಯ್ದು, ಅಲ್ಲಿಂದ ಪೊಲೀಸರಿಗೆ ಫೋನು ಮಾಡಿದೆ. ಅವಳನ್ನು ಕೇಳಲಿಲ್ಲ.

ಪೊಲೀಸರು ಬಂದಾಗ ಅವನು ತಕರಾರು ಮಾಡಲಿಲ್ಲ. ಬಟ್ಟೆಯ ಕಪಾಟಿನಿಂದ ಅವರು ಪಿಸ್ತೂಲಿನ ಮರದ ಪೆಟ್ಟಿಗೆಯನ್ನು ತಂದು ನನ್ನ ಮುಂದೆ ತೆರೆದರು. ಒಳಗೆ ಹಸಿರು ಮಖಮಲ್ಲು, ಅದರಲ್ಲಿ ಪಿಸ್ತೂಲು ಕೂರುವ ತಗ್ಗು ಒಂದಲ್ಲ, ಎರಡು. ಇಂಥವನ್ನು ಜೋಡಿಯಾಗಿ ಮಾರುವುದುಂಟು. ಇವನು ತಾನು ಕೊಂಡದ್ದು ಒಂದೇ, ಪೆಟ್ಟಿಗೆ ಹಾಗೇ ಬಂತು ಎಂದ. ನಾನು ಬಗ್ಗಿ ನೋಡಿದೆ. ಎರಡನೆಯ ತಗ್ಗಿನ ಮಖಮಲ್ಲಿಗೂ ಕುಂಕುಮ ಹತ್ತಿತ್ತು. ಮನೆಯನ್ನು, ಗ್ಯಾರೇಜನ್ನು, ಹಿತ್ತಲನ್ನು ಜಾಲಾಡಿದರೂ ಇನ್ನೊಂದು ಸಿಗಲಿಲ್ಲ, ಅವಳೂ ಒಂದನ್ನೇ ಕಂಡಿದ್ದಳು.

ಆ ಸಂಜೆಯಿಂದ ಅವಳು ನಮ್ಮ ಮನೆಯಲ್ಲಿದ್ದಳು. ಕೋರ್ಟು ಅವನಿಗೆ ದಂಡ ಹಾಕಿತು, ಅವಳ ಹತ್ತಿರ ಸುಳಿಯಬಾರದೆಂದು ಆಜ್ಞೆಯನ್ನೂ ಮಾಡಿತು, ಅದರ ಆಧಾರದ ಮೇಲೆ ಅವಳಿಗೆ ಸ್ವಂತ ವೀಸಾ ಸಿಕ್ಕಿತು. ನಾನು ಅವಳನ್ನು ಅಡಿಲೇಡಿನಲ್ಲಿದ್ದ ನನ್ನ ಹಳೆಯ ಸಹೋದ್ಯೋಗಿಯೊಬ್ಬಳ ಬಳಿಗೆ ಕಳಿಸಿದೆ. ವಿಳಾಸ ಗೊತ್ತಿದ್ದದ್ದು ನನಗೊಬ್ಬಳಿಗೆ. ಅವನು ಬ್ರಿಸ್ಬೇನಿನಲ್ಲಿ ಕೆಲಸ ಹಿಡಿದನೆಂದು ಸುದ್ದಿ ಬಂತು. ಅವಳಿಗೆ ಒಂದು ಸೂಪರ್‌ಮಾರ್ಕೆಟ್ಟಿನಲ್ಲಿ ಕೆಲಸ ಸಿಕ್ಕಿತು. ವರ್ಷ ಕಳೆದ ಮೇಲೆ ಧೈರ್ಯ ಬಂದು, ಅಲ್ಲಿನ ಕನ್ನಡದವರ ಬೊಂಬೆ ಹಬ್ಬಕ್ಕೂ ಹೋದಳು. ನಮ್ಮವರಿಗೆ ಫೋಟೋ ಹಂಚದೆ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಅವಳೂ ನಿಂತಿದ್ದ ಹಬ್ಬದ ಫೋಟೋ ವಾಟ್ಸಾಪಿನಲ್ಲಿ ಎಲ್ಲ ಊರುಗಳನ್ನೂ ಸುತ್ತಿತು. ನನಗೂ ಬಂತು, ಅಂದಮೇಲೆ ಬ್ರಿಸ್ಬೇನಿಗೂ ಹೋಗಿರಲೇಬೇಕು.

ಕೆಲವು ದಿನಗಳ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಅವನೇ. ಆರೋಗ್ಯ ವಿಚಾರಿಸಿದ, ನನ್ನ ಗಂಡನ ಬೆನ್ನುನೋವು ಹೇಗಿದೆ ಎಂದು ಕೇಳಿದ.

“ಜೋಡಿಲಿ ಒಂದೇ ಉಳಿದಿದ್ರೆ ಅದಕ್ಕೇನಾದ್ರೂ ಬೆಲೆ ಇರತ್ತಾ ಅಕ್ಕ?”

ಎಲ್ಲಿದ್ದೀರಿ ಎಂದು ಕೇಳಿದೆ.

“ಅಡಿಲೇಡಲ್ಲಿ. ನೀವು ಕೆಲಸ ಕಲ್ತಿದ್ದ ಊರು. ಚೆನ್ನಾಗಿದೆ.”

ಫೋನಿಟ್ಟು ಮೊದಲು ಅಲ್ಲಿನ ಪೊಲೀಸರಿಗೆ, ಆಮೇಲೆ ಅವಳಿಗೆ ಮಾಡಿದೆ. ನಾನು ಹೇಳುವ ಮೊದಲೇ ಅವಳಿಗೆ ಗೊತ್ತಿತ್ತು. ಹಿಂದಿನ ದಿನ ಅವನು ಅವಳ ಕೌಂಟರಿಗೇ ಬಂದು, ಹಾಲು ಕೊಂಡು, ಚಿಲ್ಲರೆ ಇಸಿದುಕೊಂಡು ಹೋಗಿದ್ದನಂತೆ. ಒಂದು ಮಾತೂ ಆಡಲಿಲ್ಲವಂತೆ. ಮೊದಲೇ ಏಕೆ ಹೇಳಲಿಲ್ಲ ಎಂದು ರೇಗಿದೆ.

“ಹೇಳಿದ್ರೆ ಇನ್ನೊಂದು ಊರು ಹುಡುಕ್ತಿದ್ರಿ,” ಎಂದಳು. “ಇನ್ನೆಷ್ಟು ಊರು ಅಕ್ಕ?”

ಆ ಸಂಜೆ ಅವಳ ಅಂಗಡಿಯ ಹಿಂದಿನ ಪಾರ್ಕಿಂಗ್‌ನಲ್ಲಿ ಅವನು ಕಾರೊಳಗೆ ಕೂತಿದ್ದಾಗ ಪೊಲೀಸರು ಹಿಡಿದರು. ಪಿಸ್ತೂಲು ಸೀಟಿನ ಕೆಳಗಿತ್ತು, ತುಂಬಿತ್ತು. ಗಾದೆಯ ಅಂಕಲ್, ತನಗೆ ಆಗಲೇ ಅನುಮಾನವಿತ್ತೆಂದು ಎಲ್ಲರೆದುರು ಹೇಳಿಕೊಂಡು ಓಡಾಡಿದರು. ನಾನು ಅವರ ಮನೆಗೆ ಹೋಗುವುದನ್ನು ನಿಲ್ಲಿಸಿದೆ.

ಜೈಲು ಯಾರನ್ನೂ ಕೊನೆಯವರೆಗೆ ಇಟ್ಟುಕೊಳ್ಳುವುದಿಲ್ಲ. ಅವನ ಬಿಡುಗಡೆ ಹತ್ತಿರವಾದಾಗ ಅವಳು ಅಡಿಲೇಡು ಬಿಟ್ಟಳು. ಆಗೀಗ ನಂಬರು ಕಾಣಿಸದ ಫೋನಿನಿಂದ ಮಾತಾಡುತ್ತಾಳೆ. ಕೆಲಸವಿದೆ, ಕುಂಡದಲ್ಲಿ ಮೆಂತ್ಯ ಹಾಕಿದ್ದೇನೆ ಎನ್ನುತ್ತಾಳೆ. ಯಾವ ಊರೆಂದು ಹೇಳುವುದಿಲ್ಲ, ನಾನೂ ಹೆಚ್ಚು ಕೆದಕುವುದಿಲ್ಲ.

ಅವನು ಹೊರಗೆ ಬಂದು ನನಗೆ ಫೋನು ಮಾಡಿದ. ಈ ಸಲ ಯಾವುದರ ಬೆಲೆಯನ್ನೂ ಕೇಳಲಿಲ್ಲ. ಅವಳು ಯಾವ ಊರಲ್ಲಿದ್ದಾಳೆ ಎಂದಷ್ಟೇ ಕೇಳಿದ. ಗೊತ್ತಿಲ್ಲ ಎಂದೆ. ಆ ಮಾತು ನಿಜವಾಗಿರುವಂತೆ ನೋಡಿಕೊಂಡವಳು ಅವಳೇ.