ಚಕ್ರ ಎಳೆದುಕೊಂಡು ನಡೆದ ಗಾಡಿ

ಆಗ ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ಮಾತಾಡಬೇಕೆಂದರೆ ದನಿ ಏರಿಸಬೇಕಿತ್ತು. ಎರಡೂ ಕಡೆ ಮನೆಮನೆಯಲ್ಲೂ ಮಗ್ಗದ ಸದ್ದು. ನಾನು ಏಳನೇ ಕ್ಲಾಸು. ಹಸಿ ಶೇಂಗಾ ಬೇಯಿಸಿ ತಿನ್ನುವ ಕಾಲ. ಬೆಂಚಿನ ಕೆಳಗೆ ಸಿಪ್ಪೆ ಉದುರಿಸಿ ಮೇಷ್ಟ್ರ ಹತ್ತಿರ ಬೈಸಿಕೊಳ್ಳುತ್ತಿದ್ದೆವು.

ಆ ಮೇಷ್ಟ್ರೇ ಒಂದು ದಿನ ಪೇಪರಿನ ತುಣುಕು ತಂದು ಓದಿದರು. ಮಂಗಳ ಗ್ರಹದ ಮೇಲೆ ಆರು ಚಕ್ರದ ಗಾಡಿಯೊಂದು ಓಡಾಡುತ್ತಿದೆ, ಒಳಗೆ ಮನುಷ್ಯರಿಲ್ಲ. ಅದರ ಒಂದು ಚಕ್ರ ಕೆಟ್ಟು ನಿಂತಿದೆ. ಆದರೂ ಆ ಚಕ್ರವನ್ನು ಎಳೆದುಕೊಂಡೇ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದೆ. ನನಗೆ ಮೈ ಜುಮ್ಮೆಂದಿತು. ಅವತ್ತು ಸಂಜೆ ನಾವು ಹುಡುಗಿಯರೆಲ್ಲ ಒಂದು ಕಾಲು ಎಳೆಯುತ್ತಾ ಬೀದಿಯುದ್ದಕ್ಕೂ ಹಿಮ್ಮುಖ ನಡೆದು ಮಣ್ಣೆಲ್ಲ ಗೀರಿದೆವು.

ಮನೆಮಾತು ತೆಲುಗಾದ್ದರಿಂದ ಅಪ್ಪನನ್ನು ನಾಯ್ನ ಎನ್ನುತ್ತಿದ್ದೆವು. ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತರೆ ನಾಯ್ನ ಏಳುತ್ತಿದ್ದುದು ಊಟಕ್ಕೇ. ಗುಂಡಿಯೊಳಗಿನ ಕಾಲನ್ನು ಯಾರೂ ನೋಡುವುದಿಲ್ಲ. ಆ ವಾರವೇ, ಜಾರಿ ಬಿದ್ದ ಲಾಳಿ ಎತ್ತಿಕೊಡಲು ನಾನು ಗುಂಡಿಗೆ ಬಗ್ಗಿದೆ. ಕೆಟ್ಟ ವಾಸನೆ ಬಡಿಯಿತು. ಬಲಗಾಲಿನ ಹೆಬ್ಬೆರಳು ಕಪ್ಪಾಗಿ, ಪಾದ ಕೀವು ಕಟ್ಟಿತ್ತು. ನಾಯ್ನನಿಗೆ ಸಕ್ಕರೆ ಕಾಯಿಲೆ ಇತ್ತು.

"ನೋವಾಗಲ್ವಾ ನಾಯ್ನಾ?"

"ಮುಟ್ಟಿದ್ರೂ ಗೊತ್ತಾಗಲ್ಲ ಕಣೆ. ಏಂ ಕಾದು, ಏನೂ ಆಗಲ್ಲ. ಅಮ್ಮಂಗೆ ಹೇಳ್ಬೇಡ. ಸೀರೆ ಇಳೀಲಿ, ನಾನೇ ಆಸ್ಪತ್ರೆಗೆ ಹೋಗ್ತೀನಿ."

ಮಗ್ಗದ ಮೇಲಿದ್ದುದು ಕೊಂಡ್ಲಹಳ್ಳಿಯ ಮದುವೆ ಹುಡುಗಿಯ ಧಾರೆ ಸೀರೆ. ಧಾರೆ ಸೀರೆಯನ್ನು ಶುರು ಮಾಡಿದ ಕೈಯೇ ಮುಗಿಸಬೇಕು, ನಡುವೆ ಬಿಟ್ಟೇಳಬಾರದು, ಹುಡುಗಿಗೆ ಕೇಡು ಎಂಬುದು ನಮ್ಮ ಮನೆಯ ನೇಮ. ಅಮ್ಮನಿಗೆ ಗೊತ್ತಾದರೆ ನೇಮಗೀಮ ನೋಡದೆ ಆ ಕ್ಷಣವೇ ಎಬ್ಬಿಸಿಬಿಡುತ್ತಿದ್ದಳು. ನಾನು ಅಮ್ಮನಿಗೆ ಹೇಳಬೇಕಿತ್ತು. ಹೇಳುವ ಬದಲು ನಾಯ್ನನಿಗೆ ಧೈರ್ಯವಾಗಲೆಂದು ಮಂಗಳದ ಗಾಡಿಯ ಸುದ್ದಿ ಹೇಳಿದೆ.

ಲಾಳಿ ನಿಂತಿತು. "ಎಳ್ಕೊಂಡೇ ಹೋಗ್ತೈತಾ?"

"ಹೂಂ. ಆ ಕೆಟ್ಟ ಚಕ್ರ ನೆಲ ಕೆರೆದು ಅಡಿಗಿದ್ದ ಬಿಳಿ ಮಣ್ಣು ಮೇಲೆ ಬಂತಂತೆ. ಒಂದು ಕಾಲಕ್ಕೆ ಅಲ್ಲಿ ನೀರಿತ್ತು ಅಂತ ಅದ್ರಿಂದ್ಲೇ ಗೊತ್ತಾಯ್ತಂತೆ."

"ನೋಡು ಮತ್ತೆ, ಕುಂಟು ಕಾಲೇ ನೀರು ತೋರಿಸ್ತು," ಎಂದು ನಾಯ್ನ ನಕ್ಕ.

ಮಾರನೆಯ ದಿನ ತುಳಿಯುವ ಹಲಗೆಗಳೆರಡನ್ನೂ ಎಡಗಾಲಿಗೆ ಸಿಗುವಂತೆ ಹತ್ತಿರ ಕಟ್ಟಿಕೊಂಡು ನೇಯತೊಡಗಿದ. ನಾನೇ ಹೇಳಿಕೊಟ್ಟ ಹಾಗೆ ಬೀಗಿದೆ. "ನಿನ್ ಗಾಡಿ ಇವತ್ತೆಲ್ಲಿಗೆ ಹೋಯ್ತಮ್ಮಾ?" ಎಂದು ಸಂಜೆ ಸಂಜೆ ಕೇಳುವನು. ಪೇಪರಿನಲ್ಲಿ ಏನೂ ಬರದ ದಿನವೂ ನಾನು ಗುಡ್ಡ ಹತ್ತಿತು, ಹಳ್ಳ ದಾಟಿತು ಎಂದು ಕಟ್ಟಿ ಹೇಳುತ್ತಿದ್ದೆ. ಗುಂಡಿಯಿಂದ ಏಳುವಾಗ ಪಾದಕ್ಕೆ ಬಟ್ಟೆ ಸುತ್ತಿಕೊಂಡು, ಅಮ್ಮ ಕೇಳಿದರೆ ಉಳುಕಿದೆ ಎನ್ನುತ್ತಿದ್ದ. ಹೀಗೆ ಇಪ್ಪತ್ತು ದಿನ.

ಸೀರೆ ಇಳಿದ ದಿನ ನಾಯ್ನ ಗುಂಡಿಯಿಂದ ಏಳಲಾಗದೆ ಅಲ್ಲೇ ಕುಸಿದ. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ಪಾದದ ಬಟ್ಟೆ ಬಿಚ್ಚಿ ನೋಡಿ, "ಇಷ್ಟು ದಿನ ಮನೇಲಿ ಯಾರೂ ನೋಡ್ಲಿಲ್ವೇನಮ್ಮ?" ಎಂದು ಅಮ್ಮನನ್ನು ಕೇಳಿದರು.

"ಯಾರೂ ನೋಡಿಲ್ಲ ಸಾರ್," ಎಂದಳು ಅಮ್ಮ. ನಾನು ಬ್ಯಾಗು ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಮೊಣಕಾಲಿನವರೆಗೆ ತೆಗೆದರು. ನಂಜು ಅಷ್ಟಕ್ಕೆ ನಿಲ್ಲಲಿಲ್ಲ. ಜ್ವರದಲ್ಲೂ ನಾಯ್ನ ಪಕ್ಕದ ಮಂಚದವನಿಗೆ, "ನನ್ ಮಗಳನ್ನ ಕೇಳ್ರಿ, ಆ ಗಾಡಿ ವಿಷ್ಯ ಎಲ್ಲ ಅವಳಿಗೆ ಗೊತ್ತೈತೆ," ಎನ್ನುತ್ತಿದ್ದ. ಆ ತಿಂಗಳು ಮುಗಿಯುವುದರೊಳಗೆ ಹೋಗಿಬಿಟ್ಟ.

ಈಗ ನಮ್ಮ ಬೀದಿಯಲ್ಲಿ ಪಿಸುಗುಟ್ಟಿದರೂ ಕೇಳುತ್ತದೆ. ಎಷ್ಟೋ ಮನೆಗಳ ಗುಂಡಿಗೆ ಸಿಮೆಂಟು ಬಿದ್ದಿದೆ. ನಮ್ಮದರ ಮೇಲೆ ಟೈಲ್ಸ್ ಹಾಕಿ ಫ್ರಿಜ್ ಇಟ್ಟಿದ್ದೇವೆ. ಮಂಗಳಕ್ಕೆ ಹೊಸ ಹೊಸ ಗಾಡಿಗಳು ಹೋಗಿವೆ, ಅವು ತೆಗೆದ ಫೋಟೋಗಳು ಮೊಬೈಲಿಗೇ ಬರುತ್ತವೆ. ಬೆರಗಾಗುವ ಶಕ್ತಿ ನನ್ನಲ್ಲಿ ಉಳಿದಿಲ್ಲ. ನೋಡಿ ಮುಂದಕ್ಕೆ ತಳ್ಳುತ್ತೇನೆ.

ಅಮ್ಮ ನನ್ನ ಜೊತೆಗೇ ಇದ್ದಾಳೆ. ನೆಲ ಒರೆಸುವಾಗ ಒಮ್ಮೊಮ್ಮೆ ಫ್ರಿಜ್ಜಿನ ಮುಂದೆ ಕೈ ನಿಲ್ಲಿಸಿ, "ಒಂದೇ ಒಂದ್ ಸಲ ನಾನು ಬಗ್ಗಿ ನೋಡಿದ್ರೆ ನಿಮ್ ನಾಯ್ನ ಉಳೀತಿದ್ದ," ಎನ್ನುತ್ತಾಳೆ.

ನಾನು ಬಗ್ಗಿ ನೋಡಿದ್ದೆ ಎಂದು ಇವತ್ತಿಗೂ ಅವಳಿಗೆ ಹೇಳಿಲ್ಲ.