ಬಟ್ಟೆ ಕಟ್ಟಿದ ಕಾಯಿ

ಕೆಂಡಕ್ಕ ಎಂಬ ಹೆಸರು ಅವಳಿಗೆ ಇಸ್ತ್ರಿಪೆಟ್ಟಿಗೆಯಿಂದ ಬಂತೋ ಬಾಯಿಂದ ಬಂತೋ, ಆಸ್ಪತ್ರೆ ಕ್ವಾರ್ಟರ್ಸಿನಲ್ಲಿ ಯಾರೂ ಖಚಿತವಾಗಿ ಹೇಳಲಾರರು. ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯ ಇಸ್ತ್ರಿ ಕೋಣೆಯಲ್ಲಿದ್ದಾಳೆ. ದಿನಕ್ಕೆ ಮುನ್ನೂರು ಹಾಸಿಗೆ ಬಟ್ಟೆ. ಬಲಗೈ ಮಣಿಕಟ್ಟಿನ ಮೇಲೆ ಸುಟ್ಟ ಕಲೆಗಳು ಒಂದರ ಮೇಲೊಂದು. ಹಿಂದೊಮ್ಮೆ ಕೈಗವಸಿಗಾಗಿ ಹನ್ನೊಂದು ದಿನ ಉಗ್ರಾಣದ ಬಾಗಿಲಿಗೆ ಅಡ್ಡ ಕೂತು, ಪಡೆದೇ ಎದ್ದವಳು. ಆ ಉಗ್ರಾಣದವನೇ ಈಗ ಕ್ವಾರ್ಟರ್ಸ್ ಸಂಘದ ಸೆಕ್ರೆಟರಿ. ಆ ಹನ್ನೊಂದು ದಿನವನ್ನು ಅವನೂ ಮರೆತಿಲ್ಲ, ಇವಳೂ ಮರೆತಿಲ್ಲ.

ಅವಳ ಮನೆಯ ಹಿಂದೆ ಒಂದು ಮಂಚ ಹಾಕುವಷ್ಟು ಜಾಗ. ಅಲ್ಲಿ ಪೇಂಟಿನ ಹಳೇ ಬಕೆಟ್ಟು ಎಂಟು, ಎಂಟರಲ್ಲೂ ದೊಣ್ಣೆಮೆಣಸಿನಕಾಯಿ ಗಿಡ. ಅಂಗಡಿಯಿಂದ ತಂದ ಬೀಜ ಮೊದಲ ವರ್ಷ ಗುಂಡುಗುಂಡಗೆ ಬಿಟ್ಟಿತ್ತು. ಅದೇ ಕಾಯಿಯ ಬೀಜ ಹಾಕಿದರೆ ಮರುವರ್ಷ ಒಂದು ಗಿಡದಲ್ಲಿ ಸೊಟ್ಟ, ಇನ್ನೊಂದರಲ್ಲಿ ಗೋಲಿಯಷ್ಟು. ಅವಳು ಬಿಡಲಿಲ್ಲ. ಒಳ್ಳೆಯದನ್ನೇ ಆರಿಸಿ ಆರಿಸಿ, ಏಳು ವರ್ಷಕ್ಕೆ ಅರ್ಧ ದಿನದ ಬಿಸಿಲಲ್ಲೂ ಅಂಗೈ ತುಂಬುವ ಕಾಯಿ ಕೊಡುವ ತಳಿ ಮಾಡಿಕೊಂಡಳು. ಮೊದಲ ಹೂವನ್ನು ಚಿವುಟಿ ಎಸೆಯುತ್ತಿದ್ದಳು. "ಗಿಡ ಮೊದ್ಲು ದೊಡ್ಡದಾಗ್ಲಿ, ಬಸಿರು ಬಾಣಂತನ ಆಮೇಲೆ" ಎನ್ನುತ್ತಿದ್ದಳು. ಬೀಜಕ್ಕೆ ಬಿಡುವ ಕಾಯಿಯ ತೊಟ್ಟಿಗೆ ಹರಿದ ಹಾಸಿಗೆ ಬಟ್ಟೆಯ ಪಟ್ಟಿ ಕಟ್ಟುತ್ತಿದ್ದಳು. ಬಟ್ಟೆ ಕಟ್ಟಿದ ಕಾಯಿಯನ್ನು ಯಾರೂ ಮುಟ್ಟುವಂತಿಲ್ಲ. ಅದು ಪೂರ್ತಿ ಕೆಂಪಾಗಿ, ಸಿಪ್ಪೆ ಸುಕ್ಕು ಹಿಡಿಯುವವರೆಗೂ ಗಿಡದಲ್ಲೇ ಇರಬೇಕು.

ಈ ವರ್ಷ ಮುಟುರು ರೋಗ ಬಂದು ಏಳು ಗಿಡಗಳ ಎಲೆ ಮುದುರಿ, ಗಿಡವೇ ಹೋಯಿತು. ಕೂಡಿಟ್ಟ ಬೀಜವನ್ನೆಲ್ಲ ಬಿತ್ತಿಬಿಟ್ಟಿದ್ದಳು. ಉಳಿದದ್ದು ಒಂದು ಗಿಡ, ಬಟ್ಟೆ ಕಟ್ಟಿದ ಒಂದೇ ಕಾಯಿ. ಅದು ಹೋದರೆ ಏಳು ವರ್ಷವೂ ಹೋದಂತೆ.

ಹೋದ ತಿಂಗಳಷ್ಟೇ ಸೆಕ್ರೆಟರಿ ನೋಟೀಸು ಅಂಟಿಸಿದ್ದ: ಬಕೆಟ್ಟುಗಳಿಂದ ಆವರಣದ ಅಂದ ಕೆಡುತ್ತಿದೆ, ಕೂಡಲೇ ತೆರವುಗೊಳಿಸತಕ್ಕದ್ದು. ಕೆಂಡಕ್ಕ ಅದನ್ನು ಕಿತ್ತು ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಬಕೆಟ್ಟಿನ ಅಡಿಗೆ ಕೊಟ್ಟಿದ್ದಳು. ಅಷ್ಟರಲ್ಲಿ, ತಪಾಸಣೆಗೆ ಬರುವ ದೊಡ್ಡ ಸಾಹೇಬರಿಗೆ ಕೈತೋಟ ಎಂದರೆ ಪ್ರಾಣ ಎಂಬ ಸುದ್ದಿ ಬಂತು. ಸೆಕ್ರೆಟರಿಯ ಬಾಯಲ್ಲೀಗ ಹಸಿರು ಬಿಟ್ಟರೆ ಬೇರೆ ಬಣ್ಣವಿಲ್ಲ.

ತಪಾಸಣೆಯ ದಿನ ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದವಳು ಹಿತ್ತಲಲ್ಲಿ ನಿಂತುಬಿಟ್ಟಳು. ಗಿಡದಲ್ಲಿ ತುಂಡು ತೊಟ್ಟು ಮಾತ್ರ ಇತ್ತು. ಒಳಗೆ ಊಟಕ್ಕೆ ಕೂತಿದ್ದ, ಆಂಬುಲೆನ್ಸ್ ಓಡಿಸುವ ಗಂಡ ತಟ್ಟೆಯಿಂದ ತಲೆಯೆತ್ತಲಿಲ್ಲ.

"ರೀ, ಕಾಯಿ ಎಲ್ಲಿ?"

"ಸೆಕ್ರೆಟರಿ ಬಂದಿದ್ದ. ಸಾಹೇಬ್ರಿಗೆ ತರಕಾರಿ ಬುಟ್ಟಿ ಕೊಡ್ತಾರಂತೆ. ಕೆಂಪಗೆ ಚೆನ್ನಾಗಿ ಕಾಣುತ್ತೆ ಅಂದ."

"ಬಟ್ಟೆ ಕಟ್ಟಿತ್ತು. ಕಣ್ಣಿಗೆ ಕಾಣ್ಲಿಲ್ವಾ?"

"ಹೇಳ್ದೆ ಕಣೇ. ಕತ್ತರಿ ಹಿಡ್ಕೊಂಡೇ ಬಂದಿದ್ದ. ಒಂದೇ ಒಂದು ತಾನೆ ಅಂತ ನಾನೂ..."

"ಒಂದೇ ಒಂದು! ದಿನಾ ಜೀವ ಹೊತ್ಕೊಂಡು ಓಡಾಡೋರು ನೀವು, ಮನೇಲಿದ್ದ ಒಂದನ್ನ ಉಳಿಸ್ಕೊಳೋಕೆ ಆಗ್ಲಿಲ್ಲ."

ಉಣ್ಣದೆ ಹೊರಟಳು. ಆಸ್ಪತ್ರೆಯ ಸಭೆಕೋಣೆಯಲ್ಲಿ ಸೆಕ್ರೆಟರಿ ಭಾಷಣ ಕೊಡುತ್ತಿದ್ದ: ನಮ್ಮ ಸಂಘದ ಪ್ರೋತ್ಸಾಹದಿಂದ ಮನೆಮನೆಯಲ್ಲೂ ತರಕಾರಿ. ಸಾಹೇಬರ ತೊಡೆಯ ಮೇಲೆ ಬುಟ್ಟಿ. ಎಲ್ಲಕ್ಕಿಂತ ಮೇಲೆ ಅವಳ ಕಾಯಿ. ಬಟ್ಟೆಪಟ್ಟಿ ಹಾಗೇ ಇತ್ತು. ಅದರ ಮೇಲೊಂದು ರಿಬ್ಬನ್ ಬೇರೆ.

ಇಂಥವರು ಎಲ್ಲ ಕಡೆ ಇದ್ದಾರೆ. ನೆಡುವಾಗ ಅಡ್ಡಗಾಲು ಹಾಕುತ್ತಾರೆ, ಕಾಯಿ ಬಿಟ್ಟಾಗ ಮೊದಲು ಕೈ ಚಾಚುತ್ತಾರೆ. ಅವರಿಗೆ ಅರ್ಜಿ ಬರೆದು ಉತ್ತರ ಕಾಯುವಷ್ಟು ಪುರುಸೊತ್ತು ಕೆಂಡಕ್ಕನಿಗಿರಲಿಲ್ಲ. ಕುರ್ಚಿಗಳ ನಡುವೆ ನೆಟ್ಟಗೆ ನಡೆದು ಬಂದು ಬುಟ್ಟಿಗೆ ಕೈ ಹಾಕಿದಳು.

"ಏಯ್, ಏನಿದು? ಹೊರಗೆ ನಡಿ!" ಸೆಕ್ರೆಟರಿ ಮೈಕ್ ಹಿಡಿದೇ ಕೂಗಿದ.

"ನಿನ್ನ ಉಗ್ರಾಣದ್ದಲ್ಲ ಇದು, ನನ್ನ ಹಿತ್ತಲದ್ದು. ಸುಮ್ನಿರು."

ಹೆಬ್ಬೆರಳೆರಡನ್ನೂ ತೊಟ್ಟಿನ ಪಕ್ಕಕ್ಕೆ ಒತ್ತಿದಳು. ಕಾಯಿ ಚಟ್ಟೆಂದು ಸೀಳಿತು. ಬೀಜದ ಗೊಂಚಲನ್ನು ಒಂದೂ ಬೀಳದಂತೆ ಬಿಡಿಸಿ ಕರವಸ್ತ್ರಕ್ಕೆ ಹಾಕಿ ಗಂಟು ಕಟ್ಟಿದಳು. ಖಾಲಿ ಹೋಳುಗಳನ್ನು ಬುಟ್ಟಿಗೇ ಹಾಕಿದಳು.

"ತಿನ್ನೋದು ನಿಮ್ಗೆ ಸಾರ್, ಬಿತ್ತೋದು ನಂಗೆ."

ಸಾಹೇಬರು ತಬ್ಬಿಬ್ಬಾಗಿ ನಕ್ಕರು. "ಒಂದು ಕಾಯಿಗೆ ಇಷ್ಟು ಕೋಪಾನೇನಮ್ಮಾ?"

"ಕಾಯಿಗಲ್ಲ ಸಾರ್. ಬಕೆಟ್ಟು ಎತ್ತು ಅಂತ ನೋಟೀಸು ಅಂಟಿಸಿದ ಕೈನೇ ಇದನ್ನ ಕತ್ತರಿಸಿದ್ದು. ಬೇಕಿದ್ರೆ ನೋಟೀಸು ತೋರಿಸ್ತೀನಿ, ಬಕೆಟ್ಟಿನಡಿ ಇದೆ."

ಹಿಂದಿನ ಸಾಲಿನಲ್ಲಿ ಆಯಾಗಳು ಸೆರಗು ಬಾಯಿಗೊತ್ತಿಕೊಂಡರು. ಸೆಕ್ರೆಟರಿಯ ಮೈಕ್ ಕೀರಿತು.

ಸಂಜೆ ಹಳೇ ಪೇಪರಿನ ಮೇಲೆ ಬೀಜ ಹರವಿದಳು. ಇನ್ನೊಂದು ವಾರ ಗಿಡದಲ್ಲೇ ಇರಬೇಕಿತ್ತು. ಅರ್ಧದಷ್ಟು ಬೀಜ ಚಪ್ಪಟೆ. ಉಳಿದದ್ದನ್ನು ಉಗುರಿನಿಂದ ಒಂದೊಂದಾಗಿ ಒತ್ತಿ ನೋಡಿ ಎಣಿಸಿದಳು: ನಲವತ್ತೊಂದು. ಗಂಡ ಕೇಳದೆಯೇ ರೋಗದ ಮಣ್ಣನ್ನು ಹೊರಗೆ ಸುರಿದು, ಏಳೂ ಬಕೆಟ್ಟು ಉಜ್ಜಿ ತೊಳೆದು ಬೋರಲು ಹಾಕಿದ. ಆಮೇಲೆ ಮೆಲ್ಲಗೆ ಕೇಳಿದ, "ಹುಟ್ಟುತ್ತೇನೇ?"

ಅವಳು ಬೀಜದಿಂದ ಕಣ್ಣು ತೆಗೆಯಲಿಲ್ಲ.

"ಏಳು ಬಕೆಟ್ಟು ಖಾಲಿ ಇದೆ. ಹುಟ್ಟದಿದ್ರೆ ಒಂದ್ರಲ್ಲಿ ಆ ಸೆಕ್ರೆಟರೀನ ನೆಡ್ತೀನಿ, ಪಕ್ಕದ್ರಲ್ಲಿ ನಿಮ್ಮನ್ನ."